ಕ್ಯಾನ್ಸರ್ ನೋಂದಣಿ

ಒಂದು ಪ್ರದೇಶದಲ್ಲಿ ಅಥವಾ ಆಸ್ಪತ್ರೆಯಲ್ಲಿ ಪತ್ತೆಯಾಗುವ ಕ್ಯಾನ್ಸರ್ ಪ್ರಕರಣಗಳ ವಿವರಗಳನ್ನು ನಿರಂತರವಾಗಿ ಸಂಗ್ರಹಿಸಿ, ವರ್ಗೀಕರಿಸಿ, ವಿಶ್ಲೇಷಿಸುವ ವ್ಯವಸ್ಥೆ. ಆಸ್ಪತ್ರೆ ಆಧಾರಿತ ನೋಂದಣಿ ಚಿಕಿತ್ಸೆಯ ಗುಣಮಟ್ಟವನ್ನು ತಿಳಿಯಲು ನೆರವಾಗುತ್ತದೆ. ರೋಗದ ಪ್ರಮಾಣವನ್ನು ಅಳೆಯಲು ಜನಸಂಖ್ಯೆ ಆಧಾರಿತ ನೋಂದಣಿಯೇ ಬೇಕು.

ಇದರ ಆಧುನಿಕ ರೂಪ 1926ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮೊದಲಾಯಿತು. 1942ರಲ್ಲಿ ಡೆನ್ಮಾರ್ಕ್ ಇದನ್ನು ಇಡೀ ದೇಶಕ್ಕೆ ಅನ್ವಯಿಸಿತು. ಭಾರತದ ಮೊದಲ ಜನಸಂಖ್ಯೆ ಆಧಾರಿತ ನೋಂದಣಿ 1963ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಕೈಗೊಂಡಿತು. ಅದರಡಿ ಬೆಂಗಳೂರಿನ ನೋಂದಣಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ನೆಲೆಗೊಂಡಿತು. ಗ್ರಾಮೀಣ ಪ್ರದೇಶದ ಮೊದಲ ನೋಂದಣಿ 1987ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಶುರುವಾಯಿತು.

ಭಾರತದಲ್ಲಿ ಮಾಹಿತಿ ತಾನಾಗಿ ಬರುವುದು ಕಡಿಮೆ. ನೋಂದಣಿಯ ಸಿಬ್ಬಂದಿಯೇ ಆಸ್ಪತ್ರೆ, ನರ್ಸಿಂಗ್ ಹೋಮ್, ರೋಗನಿದಾನ ಪ್ರಯೋಗಾಲಯ ಹಾಗೂ ಜನನ-ಮರಣ ನೋಂದಣಿ ಕಚೇರಿಗಳಿಗೆ ಹೋಗಿ ಕಡತಗಳಿಂದ ರೋಗಿಯ ಹೆಸರು, ವಯಸ್ಸು, ವಿಳಾಸ, ಗಡ್ಡೆಯ ಸ್ಥಾನ, ಜೀವಕೋಶದ ಬಗೆ, ರೋಗ ಪತ್ತೆಯಾದ ದಿನಾಂಕಗಳನ್ನು ಬರೆದುಕೊಳ್ಳುತ್ತಾರೆ. ಗಡ್ಡೆಯ ಸ್ಥಾನಕ್ಕೆ ಅಂತಾರಾಷ್ಟ್ರೀಯ ಸಂಕೇತ ಕೊಡಲಾಗುತ್ತದೆ. ಸ್ತನಕ್ಕೆ ಸಿ50, ಜಠರಕ್ಕೆ ಸಿ16. ಒಬ್ಬರೇ ರೋಗಿ ಎರಡು ಆಸ್ಪತ್ರೆಗಳಲ್ಲಿ ದಾಖಲಾದಾಗ ಎರಡು ಪ್ರಕರಣವಾಗದಂತೆ ತಾಳೆ ನೋಡುವುದು ಅತ್ಯಂತ ಶ್ರಮದ ಹಂತ: ಒಂದೆಡೆ 'ಲಕ್ಷ್ಮಮ್ಮ', ಇನ್ನೊಂದೆಡೆ ಇನಿಷಿಯಲ್ ಸಹಿತ 'ಲಕ್ಷ್ಮಿ', ವಯಸ್ಸೂ ಅಂದಾಜಿನದು. ಹೊರ ಊರಿನಿಂದ ಚಿಕಿತ್ಸೆಗಷ್ಟೇ ಬಂದವರನ್ನು ಜನಸಂಖ್ಯೆ ಆಧಾರಿತ ಲೆಕ್ಕದಿಂದ ಕೈಬಿಡಲಾಗುತ್ತದೆ. ಪ್ರಕಟಿತ ವರದಿಗಳಲ್ಲಿ ರೋಗಿಗಳ ಹೆಸರಿರುವುದಿಲ್ಲ.

ಬೆಂಗಳೂರಿನ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರನ್ನು ಸ್ತನ ಕ್ಯಾನ್ಸರ್ ಹಿಂದಿಕ್ಕಿದ್ದು ಇಂಥ ದೀರ್ಘಕಾಲದ ದಾಖಲೆಗಳಿಂದಲೇ ಸ್ಪಷ್ಟವಾಯಿತು. ದೇಶದ ನೋಂದಣಿಗಳ ಸಮನ್ವಯವನ್ನು ಬೆಂಗಳೂರಿನಲ್ಲಿರುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ ನಿರ್ವಹಿಸುತ್ತದೆ.