ಬೆಳ್ಳಿತೆರೆಯಿಂದ ಇಳಿದು ಬಂದವನು



1929ರ ಆರ್ಥಿಕ ಕುಸಿತವನ್ನು ನಾನು ತರಗತಿಯಲ್ಲಿ ಅಂಕಿಅಂಶಗಳಿಂದಲೇ ಬೋಧಿಸಿದೆ. 1933ರಲ್ಲಿ ಅಮೆರಿಕದ ದುಡಿಮೆಗಾರರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ನಿರುದ್ಯೋಗಿಗಳಾಗಿದ್ದರು. ಆ ಅಂಕಿಯ ಹಿಂದಿನ ಹೆಣ್ಣೊಬ್ಬಳನ್ನು ನನಗೆ ಕಾಣಿಸಿದ್ದು ವುಡಿ ಅಲೆನ್ ನಿರ್ದೇಶನದ ‘ದಿ ಪರ್ಪಲ್ ರೋಸ್ ಆಫ್ ಕೈರೋ’ (1985) ಚಲನಚಿತ್ರ.

ನ್ಯೂಜೆರ್ಸಿಯ ಸಿಸಿಲಿಯಾ (ಮಿಯಾ ಫ್ಯಾರೋ) ಹೋಟೆಲಿನ ಪರಿಚಾರಿಕೆ. ಕೆಲಸವಿಲ್ಲದ ಗಂಡ ಅವಳ ಸಂಪಾದನೆಯನ್ನು ಜೂಜಿನಲ್ಲಿ ಕಳೆಯುತ್ತಾನೆ, ಹೊಡೆಯುತ್ತಾನೆ. ಚಿತ್ರಮಂದಿರವೊಂದೇ ಅವಳಿಗೆ ಆಸರೆ. ಒಂದು ದಿನ ತೆರೆಯ ಮೇಲಿನ ಪಾತ್ರವೊಂದು ಅವಳನ್ನು ಕಂಡು ಕೆಳಗಿಳಿದು ಬರುತ್ತದೆ! ಪಾಪ, ಅವನ ಜೇಬಿನಲ್ಲಿರುವುದು ಸಿನಿಮಾದ ನಕಲಿ ನೋಟು. ಊಟದ ಬಿಲ್ಲಿಗೆ ಅದು ಸಲ್ಲದು.

ಅಷ್ಟರಲ್ಲಿ ಆ ಪಾತ್ರವನ್ನು ಅಭಿನಯಿಸಿದ ನಟನೂ ಬಂದು ಪ್ರೇಮ ನಿವೇದಿಸುತ್ತಾನೆ. ಸಿಸಿಲಿಯಾ ನಿಜವಾದ ಮನುಷ್ಯನನ್ನೇ ಆರಿಸಿಕೊಂಡು, ಗಂಡನ ಮನೆ ಬಿಟ್ಟು ಹೊರಡುತ್ತಾಳೆ. ಪಾತ್ರ ತೆರೆಗೆ ಮರಳಿದೊಡನೆ ನಟ ಅವಳನ್ನು ತೊರೆದು ಹಾಲಿವುಡ್ಡಿಗೆ ಹಾರುತ್ತಾನೆ. ಕಲ್ಪನೆ ಕೊಟ್ಟ ಮಾತಿಗೆ ನಿಂತಿತು, ಮನುಷ್ಯ ನಿಲ್ಲಲಿಲ್ಲ.

ಕೊನೆಗೆ ಅವಳು ಅದೇ ಚಿತ್ರಮಂದಿರದಲ್ಲಿ ಕುಳಿತು 1935ರ ‘ಟಾಪ್ ಹ್ಯಾಟ್’ ನೋಡುತ್ತಾಳೆ. ತೆರೆಯ ಮೇಲೆ ಫ್ರೆಡ್ ಆಸ್ಟೇರ್, ಜಿಂಜರ್ ರೋಜರ್ಸ್ ಜೋಡಿಯ ನೃತ್ಯ. ಅವಳ ಮ್ಲಾನಮುಖದಲ್ಲಿ ಮೆಲ್ಲನೆ ಮೂಡುವ ನಗೆ.

ಕೆಲಸವೂ ಇಲ್ಲದ ಅವಳು ಇನ್ನೆಲ್ಲಿಗೆ ಹೋದಾಳು? ಅಂಕಿಗಳನ್ನು ನಿಮ್ಮಿಂದ ಕಂಠಪಾಠ ಮಾಡಿಸಿದ ನಾನು ಈ ಪ್ರಶ್ನೆಯನ್ನು ಅಂದು ಕೇಳಲಿಲ್ಲ. ಇಂದು ಕೇಳುತ್ತಿದ್ದೇನೆ.