ವಿದೇಶವಾಸಿ ಅಮೆರಿಕನ್ ನಾಗರಿಕರ ತೆರಿಗೆ ಮತ್ತು ಮತದಾನ

ವಿದೇಶಗಳಲ್ಲಿ ನೆಲೆಸಿರುವ ಅಮೆರಿಕ ಸಂಯುಕ್ತ ಸಂಸ್ಥಾನದ ನಾಗರಿಕರು ಆ ದೇಶದ ಆದಾಯ ತೆರಿಗೆ ಕಾನೂನಿಗೆ ಒಳಪಡುತ್ತಾರೆ ಮತ್ತು ಅಲ್ಲಿನ ಫೆಡರಲ್ ಚುನಾವಣೆಗಳಲ್ಲಿ ಮತ ಚಲಾಯಿಸಬಹುದು. ಇವುಗಳಲ್ಲಿ ತೆರಿಗೆಯು ಕಾನೂನುಬದ್ಧ ಕರ್ತವ್ಯ. ಮತದಾನವು ಹಕ್ಕು ಮಾತ್ರ, ಕಡ್ಡಾಯವಲ್ಲ.

ತೆರಿಗೆ

ಬಹುತೇಕ ದೇಶಗಳು ವಾಸಸ್ಥಳವನ್ನು ಆಧರಿಸಿ ತೆರಿಗೆ ವಿಧಿಸುತ್ತವೆ. ಅಮೆರಿಕ ಮತ್ತು ಎರಿಟ್ರಿಯ ಪೌರತ್ವವನ್ನೂ ಆಧಾರವಾಗಿ ಪರಿಗಣಿಸುತ್ತವೆ. ಮೆಕ್ಸಿಕೊದಲ್ಲಿ ನೆಲೆಸಿದ್ದ ನಾಗರಿಕನೊಬ್ಬನ ಪ್ರಕರಣದಲ್ಲಿ (ಕುಕ್ ವಿರುದ್ಧ ಟೇಟ್, 1924) ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಈ ಅಧಿಕಾರವನ್ನು ಎತ್ತಿಹಿಡಿಯಿತು.

ನಿಗದಿತ ಮಿತಿಗಿಂತ ಹೆಚ್ಚು ಆದಾಯವುಳ್ಳವರು ಜಗತ್ತಿನ ಎಲ್ಲೆಡೆ ಗಳಿಸಿದ ಆದಾಯವನ್ನು ಘೋಷಿಸಬೇಕು. ಅರ್ಹರಿಗೆ ವಿದೇಶದ ದುಡಿಮೆಯ ಆದಾಯದಲ್ಲಿ ವಿನಾಯಿತಿಯಿದ್ದು, 2024ರಲ್ಲಿ ಇದರ ಗರಿಷ್ಠ ಮಿತಿ 1,26,500 ಡಾಲರ್ ಆಗಿತ್ತು. ವಿದೇಶದಲ್ಲಿ ಪಾವತಿಸಿದ ಆದಾಯ ತೆರಿಗೆಯನ್ನೂ ಮಿತಿಗೊಳಪಟ್ಟು ವಜಾ ಮಾಡಿಕೊಳ್ಳಬಹುದು. ಹೀಗಾಗಿ ಅನೇಕರಿಗೆ ತೆರಿಗೆ ಬಾಕಿ ಉಳಿಯುವುದಿಲ್ಲ. ಆದರೆ ವಿನಾಯಿತಿ ಪಡೆಯಲು ತೆರಿಗೆ ವಿವರ ಸಲ್ಲಿಸಲೇಬೇಕು.

ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದರೆ ಪ್ರತ್ಯೇಕ ವರದಿ ಅಗತ್ಯ. 2010ರ ಫಾಟ್ಕಾ ಕಾಯ್ದೆಯ ಅನುಷ್ಠಾನಕ್ಕಾಗಿ ಭಾರತವು 2015ರಲ್ಲಿ ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡಿತು. ಇದರನ್ವಯ ಭಾರತದ ಬ್ಯಾಂಕುಗಳಲ್ಲಿ ಅಮೆರಿಕನ್ನರು ಹೊಂದಿರುವ ಖಾತೆಗಳ ಮಾಹಿತಿ ಅಮೆರಿಕಕ್ಕೆ ರವಾನೆಯಾಗುತ್ತದೆ.

ಮತದಾನ

1986ರ ಕಾಯ್ದೆಯು ವಿದೇಶವಾಸಿಗಳಿಗೆ ಗೈರುಹಾಜರಿ ಮತದಾನದ ಅವಕಾಶ ಕಲ್ಪಿಸಿತು. ಮತದಾರರು ಅಮೆರಿಕದಲ್ಲಿ ತಾವು ಕೊನೆಯದಾಗಿ ವಾಸವಿದ್ದ ರಾಜ್ಯದ ಮೂಲಕ ಮತ ಚಲಾಯಿಸುತ್ತಾರೆ. ಸಕಾಲದಲ್ಲಿ ಕೋರಿದವರಿಗೆ ಚುನಾವಣೆಗೆ 45 ದಿನ ಮೊದಲೇ ಮತಪತ್ರ ಕಳುಹಿಸಬೇಕೆಂದು 2009ರ ತಿದ್ದುಪಡಿ ವಿಧಿಸಿದೆ. ಫೆಡರಲ್ ಹುದ್ದೆಗಳಿಗೆ ಮಾತ್ರ ಮತ ಹಾಕಿದ ಕಾರಣಕ್ಕೆ ರಾಜ್ಯ ತೆರಿಗೆ ವಿಧಿಸುವಂತಿಲ್ಲ.

ಬೆಂಗಳೂರಿನಂತಹ ನಗರಗಳಿಗೆ ಮರಳಿರುವ ಭಾರತೀಯ ಮೂಲದ ಅಮೆರಿಕನ್ ನಾಗರಿಕರಿಗೆ ಸಾಗರೋತ್ತರ ಭಾರತೀಯ ನಾಗರಿಕ (ಒಸಿಐ) ಕಾರ್ಡ್ ಇದ್ದರೂ ಭಾರತದಲ್ಲಿ ಮತದಾನದ ಹಕ್ಕಿಲ್ಲ.