ಕುಣಿಯೋನ್ನ ನೋಡಿ ಬಾರಿಸೋದು

ಕೌಲ್ ಬಜಾರಿನ ನಮ್ಮ ಮನೆಗೆ ಟಿವಿ ಗೇಮ್ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಕ್ಯಾಸೆಟ್ ಚುಚ್ಚಿ, ಓಡದಿದ್ರೆ ತೆಗೆದು ಉಫ್ ಅಂತ ಊದಿ ಮತ್ತೆ ಚುಚ್ಚೋ ಕಾಲ ಅದು. ಬೇಸಿಗೆ ರಜೆ. ಹೊರಗೆ ಬಳ್ಳಾರಿ ಬಿಸಿಲು, ಒಳಗೆ ನಾನು ಮತ್ತು ಬ್ಯಾಟ್‌ಮನ್. ಕುರುಗೋಡು ಕಡೆಯ ಹಳ್ಳಿಯಿಂದ ಕಣ್ಣು ತೋರಿಸಲು ಬಂದಿದ್ದ ಅಜ್ಜ ಹಿಂದೆ ಮಂಚದ ಮೇಲೆ ಕೂತಿದ್ದರು. ಬಯಲಾಟದ ಮೇಳದಲ್ಲಿ ಮದ್ದಳೆ ಬಾರಿಸಿದವರು. ಅರ್ಧ ಗಂಟೆ ಸುಮ್ಮನಿದ್ದು ಕೇಳಿದರು: "ಅಲ್ಲಲೇ, ನಿಮ್ಮ ಶೂರ ಸಾಯಾಕ ಬಂದಾನ. ಆ ಬಾರಿಸೋನು ಯಾಕ ಇನ್ನೂ ಅದನ್ನೇ ಬಾರಿಸ್ತಾನ? ಕುಣಿಯೋನ್ನ ನೋಡಂಗೇ ಇಲ್ಲೇನು?"

ನಾನು ನಕ್ಕುಬಿಟ್ಟೆ. ಈಗ ಅನ್ನಿಸುತ್ತೆ, ಗೇಮ್ ಸಂಗೀತದ ಇತಿಹಾಸದ ದೊಡ್ಡ ಭಾಗ ಆ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಯೇ.

ಬಯಲಾಟದಲ್ಲಿ ಇದು ಪ್ರಶ್ನೆಯೇ ಅಲ್ಲ. ಕಿರೀಟ, ಭುಜಕೀರ್ತಿ ಕಟ್ಟಿದ ಭೀಮ ಅಟ್ಟದ ಮೇಲೆ ಬಂದರೆ ಹಿಮ್ಮೇಳದ ಕಣ್ಣೆಲ್ಲ ಅವನ ಕಾಲಿನ ಮೇಲೆ. ಅವನು ಒಂದು ಸುತ್ತು ಜಾಸ್ತಿ ಹಾಕಿದರೆ ಮದ್ದಳೆಯೂ ಒಂದು ಸುತ್ತು ಜಾಸ್ತಿ. ಅವನಿಗೆ ದಮ್ಮು ಹತ್ತಿದರೆ ಹಾರ್ಮೋನಿಯಂ ಎಳೆದು ಹಿಡಿದು ಕಾಯುತ್ತೆ. ಯುದ್ಧ ಎಷ್ಟು ಹೊತ್ತು ಅಂತ ಮೊದಲೇ ಯಾರಿಗೂ ಗೊತ್ತಿರಲ್ಲ. ಗೇಮ್‌ನಲ್ಲೂ ಅಷ್ಟೇ ಅಲ್ವಾ? ಸಿನಿಮಾದಲ್ಲಿ ಫೈಟು ಎಷ್ಟು ಸೆಕೆಂಡಿಗೆ ಮುಗಿಯುತ್ತೆ ಅಂತ ಸಂಗೀತಗಾರನಿಗೆ ಗೊತ್ತು. ಗೇಮ್‌ನಲ್ಲಿ ಅದು ನಮ್ಮ ಹೆಬ್ಬೆರಳಿಗೆ ಬಿಟ್ಟದ್ದು.

ಯಂತ್ರ ಇದನ್ನು ಕಲಿಯಲು ತುಂಬಾ ವರ್ಷ ತಗೊಂಡಿತು. 1978ರ ಜಪಾನಿನ 'ಸ್ಪೇಸ್ ಇನ್ವೇಡರ್ಸ್'ನಲ್ಲಿ ಇದ್ದದ್ದು ನಾಲ್ಕೇ ಸ್ವರ. ಆದರೆ ಶತ್ರುಗಳು ಕಡಿಮೆಯಾದಂತೆ ಅವು ವೇಗವಾಗುತ್ತಿದ್ದವು, ಆಡೋನ ಎದೆಬಡಿತವೂ ಜೊತೆಗೇ. ಮರುವರ್ಷ ಅಟಾರಿ 2600ಕ್ಕೆ 'ಸೂಪರ್‌ಮ್ಯಾನ್' ಬಂದ. ಆ ಯಂತ್ರಕ್ಕೆ ಒಮ್ಮೆಗೆ ಎರಡೇ ದನಿ, ಹಾಗಾಗಿ ನಾಯಕ ಹಾರಿದರೂ ಹಿಮ್ಮೇಳ ಇಲ್ಲ. 1989ರಲ್ಲಿ ಸನ್‌ಸಾಫ್ಟ್ ಕಂಪನಿಯ 'ಬ್ಯಾಟ್‌ಮನ್' ಬಂದಾಗ ನಿಂಟೆಂಡೊ ಪೆಟ್ಟಿಗೆಗೆ ಐದು ಚಾನೆಲ್ ಇದ್ದವು. ನವೋಕಿ ಕೊದಾಕಾ ಅಷ್ಟರಲ್ಲೇ ಕತ್ತಲ ಊರೊಂದನ್ನು ಕಟ್ಟಿಬಿಟ್ಟರು. ಈಗ ಕೇಳಿದರೂ ಮೈ ಜುಮ್ ಅನ್ನುತ್ತೆ. ಆದರೆ ಅಜ್ಜ ಹಿಡಿದ ತಪ್ಪು ಅದರಲ್ಲೂ ಇತ್ತು. ನೀವು ಗೆಲ್ಲಿ, ಸಾಯುವ ಹಂತಕ್ಕೆ ಬನ್ನಿ, ಹಾಡು ತನ್ನ ಪಾಡಿಗೆ ಸುತ್ತುತ್ತಿತ್ತು.

ತಿರುವು ಬಂದದ್ದು 1991ರಲ್ಲಿ, ಅದೂ ಸೂಪರ್‌ಹೀರೋ ಗೇಮ್‌ನಿಂದ ಅಲ್ಲ. ಲ್ಯೂಕಾಸ್‌ಆರ್ಟ್ಸ್‌ನ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ 'ಐಮ್ಯೂಸ್' ಅನ್ನೋ ವ್ಯವಸ್ಥೆ ಮಾಡಿ 'ಮಂಕಿ ಐಲ್ಯಾಂಡ್ 2'ರಲ್ಲಿ ಬಳಸಿದರು. ಆಟಗಾರ ಒಂದು ಜಾಗದಿಂದ ಇನ್ನೊಂದಕ್ಕೆ ಹೋದರೆ ಹಾಡು ಕತ್ತರಿಸಿದಂತಾಗದೆ, ತಾಳ ತಪ್ಪದೆ ಬದಲಾಗುತ್ತಿತ್ತು. ಆಮೇಲೆ ಇದೇ ದಾರಿ ದೊಡ್ಡದಾಯ್ತು. ಈಗ ತಾಳವಾದ್ಯ, ತಂತಿವಾದ್ಯ, ಊದುವಾದ್ಯಗಳನ್ನು ಬೇರೆ ಬೇರೆ ಪದರಗಳಾಗಿ ಕೊಡುತ್ತಾರೆ. ಯಾವುದನ್ನು ಯಾವಾಗ ಏರಿಸಬೇಕು, ಇಳಿಸಬೇಕು ಅನ್ನೋದನ್ನ ಆಟ ನೋಡಿ ಸಾಫ್ಟ್‌ವೇರ್ ತೀರ್ಮಾನಿಸುತ್ತೆ.

2009ರ 'ಬ್ಯಾಟ್‌ಮನ್: ಅರ್ಕಮ್ ಅಸೈಲಮ್' ಆಡಿದವರಿಗೆ ಗೊತ್ತು. ಮೇಲೆ ಕಲ್ಲಿನ ಬೊಂಬೆ ಮೇಲೆ ಕೂತು ಕೆಳಗಿನ ಬಂದೂಕುಧಾರಿಗಳನ್ನು ನೋಡುವಾಗ ನಿಕ್ ಅರುಂಡೆಲ್, ರಾನ್ ಫಿಶ್ ಅವರ ಸಂಗೀತ ಉಸಿರು ಬಿಗಿಹಿಡಿದಂತಿರುತ್ತೆ. ಹೊಡೆದಾಟ ಶುರುವಾದರೆ ಎದ್ದು ನಿಲ್ಲುತ್ತೆ. ಅಲ್ಲಿ ಭಯಪಡಬೇಕಾದವರು ನಾವಲ್ಲ, ಅವರು ಅಂತ ಹೇಳಿಕೊಡೋದೇ ಆ ಸಂಗೀತ. 2018ರ 'ಸ್ಪೈಡರ್‌ಮ್ಯಾನ್'ನಲ್ಲಿ ಜಾನ್ ಪೈಸಾನೊ ಅವರ ಸಂಗೀತ ನಾವು ಬಲೆ ಎಸೆದು ಜಿಗಿದಾಗ ಉಕ್ಕುತ್ತೆ, ನೆಲಕ್ಕಿಳಿದು ನಡೆದರೆ ತಗ್ಗುತ್ತೆ. ಅದೇ ಬಟನ್, ಅದೇ ಜಿಗಿತ, ಮ್ಯೂಟ್ ಮಾಡಿ ನೋಡಿ. ಕೈಯಲ್ಲಿ ನ್ಯೂಯಾರ್ಕ್ ಇರಲ್ಲ, ಬರೀ ಕಂಟ್ರೋಲರ್ ಇರುತ್ತೆ.

ಬಳ್ಳಾರಿಯವರಿಗೆ ಇದರಲ್ಲಿ ಇನ್ನೊಂದು ಹತ್ತಿರದ ಸಂಗತಿ ಇದೆ. ಬೆಳಕು ಬಿಟ್ಟ ಪರದೆ, ಅದರ ಮೇಲೆ ಹಾರುವ ಬಣ್ಣದ ಹನುಮಂತ, ಹಿಂದೆ ಅವನನ್ನು ಆಡಿಸುವ ಕೈ, ಆ ಕೈ ನೋಡಿ ನುಡಿಯುವ ವಾದ್ಯ. ತೊಗಲುಗೊಂಬೆಯಾಟ ಅಂದ್ರೆ ಅದೇ ತಾನೇ? 2023ರಲ್ಲಿ ತೀರಿಕೊಂಡ ನಮ್ಮ ಬೆಳಗಲ್ಲು ವೀರಣ್ಣನವರು ಆ ಕಲೆಯನ್ನು ಎಲ್ಲೆಲ್ಲಿಗೋ ಮುಟ್ಟಿಸಿದವರು.

ಯಂತ್ರ ಕಲಿಯುತ್ತಿದ್ದ ಅದೇ ವರ್ಷಗಳಲ್ಲಿ ಅಜ್ಜನ ಕೈಬೆರಳು ಮಡಚದಾದವು. ಅವರ ಮೇಳಕ್ಕೆ ಬೇರೆ ಮದ್ದಳೆಯವನು ಸಿಗಲಿಲ್ಲ. ಒಂದು ವರ್ಷ ಜಾತ್ರೆಯಲ್ಲಿ ಹುಡುಗರು ರೆಕಾರ್ಡ್ ಹಾಕಿ ಆಟ ಆಡಿದರು. ಭೀಮ ಇನ್ನೂ ಗದೆ ಎತ್ತಿಲ್ಲ, ಸಂಗೀತ ಗೆದ್ದು ಮುಗಿಸಿಬಿಟ್ಟಿತ್ತು. ಭೀಮ ನಿಂತುಬಿಟ್ಟ. ಜನ ನಕ್ಕರು, ಅಜ್ಜ ಎದ್ದು ಮನೆಗೆ ಬಂದರು.

2018ರ ಕೊನೆಗೆ ಅವರನ್ನ ಬೆಂಗಳೂರಿಗೆ ಕರೆತಂದಿದ್ದೆ. ಸೋಫಾದಲ್ಲಿ ಕೂರಿಸಿ ಸ್ಪೈಡರ್‌ಮ್ಯಾನ್ ಆಡಿ ತೋರಿಸಿದೆ. ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ, ಕಿವಿ ಚೆನ್ನಾಗಿತ್ತು. ಜಿಗಿದೆ, ಇಳಿದೆ, ಮತ್ತೆ ಜಿಗಿದೆ. ಅವರ ಬೆರಳು ತೊಡೆ ಮೇಲೆ ಮೆಲ್ಲಗೆ ಆಡತೊಡಗಿತು.

"ಈ ಮ್ಯಾಳದಾಂವ ಪರವಾಗಿಲ್ಲ," ಅಂದರು. "ಕುಣಿಯೋನ್ನ ನೋಡ್ತಾನ."

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಊರಾಗ ಯಾರನ್ನರ ಕಲಿಯಾಕ ಬಂದಾರೇನು?"